ಹೊಳಲು ಸೀಮೆಯ ಗ್ರಾಮಶಾಲೆ: ಹೊಣೆ ಯಾರದು, ಹಣ ಯಾರದು

ಶಾಲೆಯೊಂದರ ಚರಿತ್ರೆಯನ್ನು ಬರೆಯಹೊರಟವರು ಸಾಮಾನ್ಯವಾಗಿ ಕಟ್ಟಡದ ಶಂಕುಸ್ಥಾಪನೆ, ಮುಖ್ಯೋಪಾಧ್ಯಾಯರ ನಾಮಾವಳಿ, ಉನ್ನತ ಪದವಿಗೇರಿದ ಹಳೆಯ ವಿದ್ಯಾರ್ಥಿಗಳ ಪ್ರಶಂಸೆ ಇವಿಷ್ಟರಿಂದಲೇ ತೃಪ್ತರಾಗುವುದುಂಟು. ಸ್ಮರಣ ಸಂಚಿಕೆಗೆ ಅವೆಲ್ಲ ಬೇಕಾದವುಗಳೇ ಸರಿ. ಆದರೆ ಶಾಲೆ ಯಾರ ಅಪ್ಪಣೆಯಿಂದ ನಡೆಯಿತು, ಯಾರ ಹಣದಿಂದ ನಡೆಯಿತು, ಆ ಅಪ್ಪಣೆಯೂ ಆ ಹಣವೂ ಕೂಡಿ ಮಕ್ಕಳಿಗೆ ಏನನ್ನು ಕಲಿಸಿದುವು ಎಂಬ ಮೂರು ಪ್ರಶ್ನೆಗಳನ್ನು ಎದುರಿಗಿಟ್ಟುಕೊಳ್ಳದೆ ಬರೆದ ಬರಹವು ಬಿನ್ನವತ್ತಳೆಯಾದೀತೇ ವಿನಾ ಚರಿತ್ರೆಯಾಗಲಾರದು. ಮಂಡ್ಯ ತಾಲ್ಲೂಕಿನ ಹೊಳಲಿನಂಥ ಗ್ರಾಮದಲ್ಲಿ ನಿಂತು ಕಳೆದ ಒಂದೂವರೆ ಶತಮಾನವನ್ನು ಹಿಂದಿರುಗಿ ನೋಡಿದರೆ, ರಾಜರ ಪ್ರಭುತ್ವ ಹೋಗಿ ಪ್ರಜಾಪ್ರಭುತ್ವ ಬಂದಿತು, ಜಿಲ್ಲೆಯ ಗಡಿ ಬದಲಾಯಿತು, ನಾಲೆ ಬಂದಿತು, ಸಕ್ಕರೆ ಕಾರ್ಖಾನೆ ಬಂದಿತು. ಇಷ್ಟೆಲ್ಲ ಆದರೂ ಶಾಲೆಯ ಹೊಣೆ ಮತ್ತು ಶಾಲೆಯ ಹಣ ಒಂದೇ ಕೈಯಲ್ಲಿ ಬಹುಕಾಲ ನಿಂತದ್ದು ಕಾಣಬರುವುದಿಲ್ಲ. ಊರಿಗೆ ಹೊಣೆ ಬಂದಾಗ ಹಣ ಬರಲಿಲ್ಲ. ಹಣ ಬಂದಾಗ ಅದರೊಡನೆ ಮೇಲಿನವರ ಕಟ್ಟಳೆಯೂ ಬಂದಿತು. ಈ ಲೇಖನಕ್ಕೆ ವಸ್ತು ಅಷ್ಟೆ.

ಸರ್ಕಾರಿ ಶಾಲೆಗಳು ಬರುವುದಕ್ಕೆ ಮುಂಚೆ ಈ ಸೀಮೆಯಲ್ಲಿ ವಿದ್ಯೆಯ ಗತಿ ಕೂಲಿಮಠಗಳದು. ದೇವಸ್ಥಾನದ ಮಂಟಪವೋ ಸಾಹುಕಾರರ ಮನೆಯ ಜಗಲಿಯೋ ಶಾಲೆಯಾಗಿ, ಮರಳಿನ ಮೇಲೆ ಬೆರಳಿನಿಂದ ಅಕ್ಷರವನ್ನು ತಿದ್ದಿಸುತ್ತ, ಮಗ್ಗಿ ಲೆಕ್ಕಗಳನ್ನು ಬಾಯಿಪಾಠ ಮಾಡಿಸುತ್ತ, ಅಯ್ಯನವರು ಕಾಲಯಾಪನೆ ಮಾಡುತ್ತಿದ್ದರು. ಅವರ ಸಂಬಳಕ್ಕೆ ಖಜಾನೆಯ ಆಧಾರವಿರಲಿಲ್ಲ. ಪೋಷಕರು ಸುಗ್ಗಿಯಲ್ಲಿ ಕೊಡುತ್ತಿದ್ದ ರಾಗಿ ಬತ್ತ, ಮಗು ಹೊಸ ಪಾಠಕ್ಕೆ ಕಾಲಿಟ್ಟ ದಿನದ ದಕ್ಷಿಣೆ, ಮಹಾನವಮಿಯ ಕಾಲದಲ್ಲಿ ಹುಡುಗರು ಮನೆಮನೆಯ ಮುಂದೆ ಚೌಪದಗಳನ್ನು ಹಾಡಿ ತಂದ ಕಾಸು, ಇವೇ ಆ ಸಂಸ್ಥೆಯ ಆಯವ್ಯಯ ಪಟ್ಟಿಯ ಆದಾಯದ ಬಾಬುಗಳು. ಅಯ್ಯನವರ ಬೋಧನೆ ಚೆನ್ನಾಗಿಲ್ಲವೆಂದು ಊರಿಗೆ ತೋರಿದರೆ ರಾಗಿ ನಿಲ್ಲುತ್ತಿತ್ತು. ಅದಕ್ಕಿಂತ ತೀಕ್ಷ್ಣವಾದ ತನಿಖಾಧಿಕಾರ ಮುಂದೆಂದೂ ಊರಿನವರ ಕೈಗೆ ಬರಲಿಲ್ಲ. ಹಾಗೆಂದು ಆ ಕಾಲವನ್ನು ಸುವರ್ಣಯುಗವೆಂದು ಹೊಗಳುವುದು ಸಲ್ಲದು. ಕೂಲಿಮಠದ ಮರಳು ಎಲ್ಲ ಜಾತಿಯ ಮಕ್ಕಳ ಬೆರಳಿಗೆ ಎಟುಕುತ್ತಿರಲಿಲ್ಲ, ಹೆಣ್ಣುಮಕ್ಕಳಿಗಂತೂ ಎಟುಕಲೇ ಇಲ್ಲವೆನ್ನಬಹುದು. ಊರಿನ ಸ್ವಾತಂತ್ರ್ಯವೆಂಬುದು ಊರಿನೊಳಗೆ ಕೆಲವರ ಸ್ವಾತಂತ್ರ್ಯವಷ್ಟೇ ಆಗಿತ್ತು. ಮುಂದೆ ಸರ್ಕಾರ ನಡುವೆ ಪ್ರವೇಶಿಸಿದ್ದಕ್ಕೆ ನ್ಯಾಯವಾದ ಕಾರಣ ಇಲ್ಲಿಯೇ ಇದೆ.

1857ರಲ್ಲಿ ಮೈಸೂರು ಸಂಸ್ಥಾನದಲ್ಲಿ ಶಿಕ್ಷಣ ಇಲಾಖೆ ಸ್ಥಾಪಿತವಾಯಿತು. ಅದರ ದೃಷ್ಟಿ ಹಳ್ಳಿಗಳ ಕಡೆಗೆ ತಿರುಗಿದುದು 1868ರ ಹೋಬಳಿ ಶಾಲೆಗಳ ಯೋಜನೆಯಿಂದ. ಆ ಯೋಜನೆಯ ಕರ್ತೃ ಲೂಯಿ ರೈಸರು. ಕನ್ನಡಿಗರು ಅವರನ್ನು ಶಾಸನಗಳನ್ನು ಓದಿದ ಮಹನೀಯರೆಂದು ಸ್ಮರಿಸುತ್ತಾರೆ. ಕಲ್ಲಿನ ಮೇಲಣ ಅಕ್ಷರವನ್ನು ಓದುವುದಕ್ಕೆ ಮುಂಚೆಯೇ ಹೋಬಳಿಯ ಹುಡುಗರಿಗೆ ಅಕ್ಷರವನ್ನು ಕಲಿಸಬೇಕೆಂದು ಅವರು ಶ್ರಮಿಸಿದ್ದರೆಂಬುದು ಅಷ್ಟಾಗಿ ಜನರ ಗಮನಕ್ಕೆ ಬಂದಿಲ್ಲ. ಹೋಬಳಿಗೊಂದು ಶಾಲೆ, ಕಟ್ಟಡವನ್ನು ಊರಿನವರು ಒದಗಿಸತಕ್ಕದ್ದು, ಉಪಾಧ್ಯಾಯನಿಗೆ ತರಬೇತಿ ಕೊಟ್ಟು ಸಂಬಳ ಕೊಡುವುದು ಸರ್ಕಾರದ ಭಾರ: ಇದು ಸ್ಥೂಲವಾಗಿ ಅದರ ಸ್ವರೂಪ. ಕಂದಾಯದ ಮೇಲೆ ವಸೂಲು ಮಾಡುತ್ತಿದ್ದ ಸ್ಥಳೀಯ ಸೆಸ್ಸಿನಲ್ಲಿ ಒಂದು ಭಾಗವನ್ನು ಗ್ರಾಮಶಿಕ್ಷಣಕ್ಕೆಂದು ಪ್ರತ್ಯೇಕವಾಗಿ ಇಡುವ ಪದ್ಧತಿಯೂ ಆ ಕಾಲದ್ದೇ. ರೈತನು ಕೊಟ್ಟ ಕಂದಾಯದ ಒಂದು ಪಾಲು ರೈತನ ಮಗುವಿನ ಹಲಗೆ ಬಳಪಕ್ಕೆ ಹಿಂದಿರುಗಿ ಬರುವ ಈ ಏರ್ಪಾಟಿನಲ್ಲಿ, ಹೊಣೆ ಮತ್ತು ಹಣಗಳ ನಡುವಣ ಅಂತರ ಸರ್ಕಾರಿ ಶಾಲೆಗಳ ಇತಿಹಾಸದಲ್ಲಿಯೇ ಅತ್ಯಂತ ಕಡಮೆಯಾಗಿತ್ತೆಂದು ನನ್ನ ಅಭಿಪ್ರಾಯ.

ಮುಂದಿನ ಹೆಜ್ಜೆ ಕಡ್ಡಾಯ ಶಿಕ್ಷಣದ್ದು. ಗೋಪಾಲಕೃಷ್ಣ ಗೋಖಲೆಯವರು 1911ರಲ್ಲಿ ಬ್ರಿಟಿಷ್ ಇಂಡಿಯದ ಶಾಸನಸಭೆಯ ಮುಂದೆ ತಂದ ಕಡ್ಡಾಯ ಶಿಕ್ಷಣದ ಮಸೂದೆ ಬಿದ್ದುಹೋಯಿತು. ಎರಡು ವರ್ಷಗಳಲ್ಲಿಯೇ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲಿ, ಮೈಸೂರು ಸಂಸ್ಥಾನ 1913ರ ಪ್ರಾಥಮಿಕ ಶಿಕ್ಷಣ ರೆಗ್ಯುಲೇಷನ್ ಅನ್ನು ಜಾರಿಗೆ ತಂದಿತು. ಆಯ್ದ ಕೇಂದ್ರಗಳಲ್ಲಿ, ಏಳರಿಂದ ಹನ್ನೊಂದು ವರ್ಷದ ಗಂಡುಮಕ್ಕಳಿಗೆ ಅದು ಮೊದಲು ಅನ್ವಯಿಸಿತು. ಕಡ್ಡಾಯವೆಂದು ಕಾಗದದ ಮೇಲೆ ಬರೆಯುವುದು ಸುಲಭ. ದನ ಕಾಯುವ ಹುಡುಗನನ್ನು ದನದ ಹಿಂದಿನಿಂದ ಬಿಡಿಸಿ ತರುವುದು ಯಾವ ಅಮಲ್ದಾರರಿಗೂ ಸುಲಭವಾಗಿರಲಿಲ್ಲ.

ಈ ಚರಿತ್ರೆಯಲ್ಲಿ ನಿಜವಾಗಿ ಕುತೂಹಲಕರವಾದ ಅಧ್ಯಾಯವೆಂದರೆ 1930ರಿಂದ 1941ರವರೆಗಿನದು. ಸರ್ ಮಿರ್ಜಾ ಇಸ್ಮಾಯಿಲರ ದಿವಾನಗಿರಿಯಲ್ಲಿ ಬಂದ 1930ರ ಪ್ರಾಥಮಿಕ ಶಿಕ್ಷಣದ ಕಾನೂನು, ಅದುವರೆಗೆ ಇಲಾಖೆ ನಡೆಸುತ್ತಿದ್ದ ಪ್ರಾಥಮಿಕ ಶಾಲೆಗಳನ್ನು ಸ್ಥಳೀಯ ಶಿಕ್ಷಣ ಪ್ರಾಧಿಕಾರಗಳ ವಶಕ್ಕೆ ಒಪ್ಪಿಸಿತು. ಸರ್ಕಾರದ ವಂತಿಗೆ ಒಂದು ಕಡೆ, ಪ್ರಾಧಿಕಾರವು ಎತ್ತಬಹುದಾದ ಶಿಕ್ಷಣ ಸೆಸ್ಸು ಇನ್ನೊಂದು ಕಡೆ. ಇವೆರಡರಿಂದ ಶಾಲೆಗಳು ನಡೆಯಬೇಕು. ಅಮೆರಿಕದಲ್ಲಿ ಶಾಲಾ ಜಿಲ್ಲೆಯೆಂಬ ಒಂದು ಸಂಸ್ಥೆಯುಂಟು: ಒಂದು ಚಿಕ್ಕ ಪ್ರದೇಶದ ಜನ ತಾವೇ ಚುನಾಯಿಸಿದ ಮಂಡಲಿ ತೆರಿಗೆ ಎತ್ತುತ್ತದೆ, ಉಪಾಧ್ಯಾಯರನ್ನು ನೇಮಿಸುತ್ತದೆ, ಲೆಕ್ಕವನ್ನು ಜನರ ಮುಂದೆ ಇಡುತ್ತದೆ. ಮೈಸೂರಿನಲ್ಲಿ ಆ ಮಾದರಿಗೆ ಅತ್ಯಂತ ಸಮೀಪವಾಗಿ ಬಂದದ್ದು ಈ ಪ್ರಯೋಗವೇ. ಆದರೆ ಸಮೀಪವೆಂಬ ಮಾತನ್ನು ಎಚ್ಚರದಿಂದ ಬಳಸಬೇಕು. ಮಂಡ್ಯ ಆಗ ಮೈಸೂರು ಜಿಲ್ಲೆಯ ಒಂದು ತಾಲ್ಲೂಕು; ಮಂಡ್ಯ ಜಿಲ್ಲೆ ಏರ್ಪಟ್ಟದ್ದು 1939ರ ಜುಲೈ 1ರಂದು. ಅಂದಮೇಲೆ ಆ ಪ್ರಯೋಗದ ಬಹುಭಾಗದಲ್ಲಿ ಹೊಳಲಿನ ರೈತನಿಗೆ 'ಸ್ಥಳೀಯ' ಎಂದರೆ ಮೈಸೂರು ಪಟ್ಟಣವೇ ಆಗಿತ್ತು.

ಹತ್ತು ವರ್ಷಗಳು ಕಳೆದುವು. 1941ರ ಶಾಸನದ ಮೂಲಕ ಸರ್ಕಾರ ಪ್ರಾಥಮಿಕ ಶಾಲೆಗಳನ್ನು ಪುನಃ ತನ್ನ ಕೈಗೆ ತೆಗೆದುಕೊಂಡಿತು. ಶಿಕ್ಷಣದ ಖರ್ಚು ಒಮ್ಮೆ ಹತ್ತಿದ ಮೆಟ್ಟಿಲಿನಿಂದ ಇಳಿಯುವುದಲ್ಲ. ಶಾಲೆಗಳು ಹೆಚ್ಚಿದಂತೆ, ಉಪಾಧ್ಯಾಯರ ಸೇವೆ ಹಳೆಯದಾದಂತೆ ಅದು ವರ್ಷವರ್ಷವೂ ಏರತಕ್ಕದ್ದು. ಸೆಸ್ಸು ಏರಿಸಿದ ಸದಸ್ಯನು ಮುಂದಿನ ಚುನಾವಣೆಯಲ್ಲಿ ಅದೇ ರೈತನ ಮುಂದೆ ಕೈಮುಗಿದು ನಿಲ್ಲಬೇಕಾದ ಸಂದರ್ಭದಲ್ಲಿ, ತೆರಿಗೆ ಎತ್ತುವ ಧೈರ್ಯ ಎಷ್ಟು ಮಂದಿಗೆ ಇದ್ದೀತು? ಉಪಾಧ್ಯಾಯರಾದರೋ ಬೋರ್ಡಿನ ಸದಸ್ಯರ ಮುಖ ನೋಡಿ ಬದುಕುವುದಕ್ಕಿಂತ ಸರ್ಕಾರಿ ನೌಕರರಾಗಿರುವುದನ್ನೇ ಬಯಸಿದರೆ ಅದು ಸಹಜ. ಆದರೂ ಆ ಪ್ರಯೋಗವನ್ನು ಸೋಲೆಂದು ಕರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ. ಸೋಲು ಗೆಲುವುಗಳನ್ನು ನಿರ್ಣಯಿಸಲು ಹತ್ತು ವರ್ಷ ಸಾಲದು.

ಅದೇ ದಶಕದಲ್ಲಿ ಈ ಸೀಮೆಯ ಬದುಕೇ ಬುಡಸಹಿತ ಬದಲಾಯಿತು. ಕನ್ನಂಬಾಡಿಯ ನೀರು ಇರ್ವಿನ್ ನಾಲೆಯಲ್ಲಿ, ಮುಂದೆ ವಿಶ್ವೇಶ್ವರಯ್ಯ ನಾಲೆಯೆಂದು ಹೆಸರಾದ ಅದೇ ನಾಲೆಯಲ್ಲಿ, ಹುಲಿಕೆರೆಯ ಸುರಂಗವನ್ನು ಹಾದು ಮಂಡ್ಯದ ಕಡೆಗೆ ಹರಿಯಿತು. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪಿತವಾಗಿ, ಮರುವರ್ಷ ಕಾರ್ಖಾನೆ ಕಬ್ಬು ಅರೆಯತೊಡಗಿತು. ರಾಗಿ ಬೆಳೆದು ಮಳೆಗಾಗಿ ಆಕಾಶ ನೋಡುತ್ತಿದ್ದ ನಾಡು ಬತ್ತ ಕಬ್ಬುಗಳ ನಾಡಾಯಿತು. ಹಣ ಬಂದರೆ ವಿದ್ಯೆ ತಾನಾಗಿ ಹಿಂಬಾಲಿಸುವುದೆಂದು ಅರ್ಥಶಾಸ್ತ್ರಜ್ಞರು ಹೇಳಿಯಾರು. ಮಂಡ್ಯದ ಅನುಭವ ಅಷ್ಟು ಸರಳವಾಗಿಲ್ಲ. ನೀರಾವರಿಯ ಬೇಸಾಯ ಮಳೆ ಬೇಸಾಯದಂತೆ ವರ್ಷದಲ್ಲಿ ಕೆಲವು ತಿಂಗಳಿಗೆ ಮುಗಿಯುವುದಲ್ಲ. ನಾಟಿ, ಕಳೆ, ಕಟಾವು, ಆಲೆಮನೆ ಹೀಗೆ ಒಂದಾದಮೇಲೊಂದು ಕೆಲಸ ಬಂದು, ಗಾಣದ ಎತ್ತು ಹೊಡೆಯುವುದಕ್ಕೂ ಒಲೆಗೆ ಸಿಪ್ಪೆ ಒಡ್ಡುವುದಕ್ಕೂ ಎಳೆಯ ಕೈಗಳು ಬೇಕಾದುವು. ಹಾಜರಿ ಪುಸ್ತಕದಲ್ಲಿ ಹೆಸರಿದ್ದು ಬೆಂಚಿನ ಮೇಲೆ ಹುಡುಗನಿಲ್ಲದ ದಿನಗಳನ್ನು ಈ ಕಡೆಯ ಹಳೆಯ ಉಪಾಧ್ಯಾಯರೆಲ್ಲರೂ ಬಲ್ಲರು. ಮನೆಯಲ್ಲಿ ಕೂಸನ್ನು ನೋಡಿಕೊಳ್ಳಲು ನಿಂತ ಹುಡುಗಿಯ ಹೆಸರಂತೂ ಎಷ್ಟೋ ಕಡೆ ಪುಸ್ತಕಕ್ಕೇ ಏರಲಿಲ್ಲ.

ಸ್ವಾತಂತ್ರ್ಯ ಬಂದ ಮೇಲೆ ಶಾಲೆಗಳು ಬೇಗಬೇಗನೆ ಹೆಚ್ಚಿದುವು. 1961ರ ಕಡ್ಡಾಯ ಪ್ರಾಥಮಿಕ ಶಿಕ್ಷಣ ಕಾಯಿದೆಯಿಂದಾಗಿ ಆರು ವರ್ಷ ತುಂಬಿದ ಮಗುವನ್ನು ಶಾಲೆಗೆ ಸೇರಿಸುವ ಕಾರ್ಯ ಚುರುಕಾಯಿತು. ಏಕೋಪಾಧ್ಯಾಯ ಶಾಲೆಗಳಲ್ಲಿ ಒಬ್ಬರೇ ಮೇಷ್ಟ್ರು ನಾಲ್ಕು ತರಗತಿಗಳನ್ನು ಒಂದೇ ಕೋಣೆಯಲ್ಲಿ ಕೂಡಿಸಿಕೊಂಡು, ಒಂದಕ್ಕೆ ಲೆಕ್ಕ ಹಾಕಿ ಇನ್ನೊಂದಕ್ಕೆ ಕಾಪಿ ಬರೆಯಹೇಳಿ ದಿನ ದೂಡಿದರು. ಇದೇ ಕಾಲದಲ್ಲಿ ಜಿಲ್ಲೆಯ ಮುಂದಾಳುಗಳ ಉತ್ಸಾಹ ಬೇರೊಂದು ದಿಕ್ಕಿಗೆ ಹರಿಯಿತು. ನಿತ್ಯ ಸಚಿವರೆಂದೇ ಜನರು ಕರೆಯುತ್ತಿದ್ದ ಕೆ. ವಿ. ಶಂಕರಗೌಡರು 1962ರಲ್ಲಿ ಮಂಡ್ಯದಲ್ಲಿ ಜನತಾ ಶಿಕ್ಷಣ ಟ್ರಸ್ಟಿನ ಇಂಜಿನಿಯರಿಂಗ್ ಕಾಲೇಜನ್ನು ಆರಂಭಿಸಿದರು. ಕೆರಗೋಡು ಕ್ಷೇತ್ರದಿಂದ ಶಾಸಕರಾಗಿದ್ದ ಹೊಳಲಿನ ಎಚ್. ಡಿ. ಚೌಡಯ್ಯನವರು ಆ ಟ್ರಸ್ಟಿನ ಅಧ್ಯಕ್ಷಸ್ಥಾನದಲ್ಲಿದ್ದು ಅದನ್ನು ನಡೆಸಿದರು. ರೈತರ ಮಕ್ಕಳು ಮೈಸೂರು ಬೆಂಗಳೂರುಗಳ ಮುಖ ನೋಡದೆ ಇಂಜಿನಿಯರುಗಳಾಗುವಂತೆ ಮಾಡಿದ ಈ ಸಾಧನೆ ಕಡಮೆಯದಲ್ಲ. ಆದರೆ ಉನ್ನತ ಶಿಕ್ಷಣಕ್ಕೆ ದೊರೆತಂಥ ಸ್ಥಳೀಯ ಒಡೆತನವೂ ದಾನಬುದ್ಧಿಯೂ ಒಂದನೆಯ ತರಗತಿಗೆ ದೊರೆಯಲಿಲ್ಲವೆಂಬುದನ್ನು ಮರೆಮಾಚಬಾರದು. ಕಾಲೇಜು ನಮ್ಮದು, ಪ್ರಾಥಮಿಕ ಶಾಲೆ ಸರ್ಕಾರದ್ದು ಎಂಬ ಭಾವನೆ ಬೇರೂರಿದ್ದು ಆಗಲೇ.

ಅಧಿಕಾರವನ್ನು ಮತ್ತೆ ಕೆಳಕ್ಕೆ ಇಳಿಸುವ ಎರಡನೆಯ ಪ್ರಯತ್ನ ರಾಜ್ಯದ ಪಂಚಾಯತ್ ರಾಜ್ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬರದು. 1983ರ ಕಾಯಿದೆಯಂತೆ 1987ರಲ್ಲಿ ಚುನಾವಣೆಗಳು ನಡೆದು ಜಿಲ್ಲಾ ಪರಿಷತ್ತುಗಳೂ ಮಂಡಲ ಪಂಚಾಯಿತಿಗಳೂ ಅಸ್ತಿತ್ವಕ್ಕೆ ಬಂದುವು. ನೂರಕ್ಕೆ ಇಪ್ಪತ್ತೈದು ಸ್ಥಾನಗಳು ಸ್ತ್ರೀಯರಿಗೆ ಮೀಸಲಾದುವು. ಪ್ರಾಥಮಿಕ ಶಿಕ್ಷಣ ಜಿಲ್ಲಾ ಪರಿಷತ್ತಿನ ಆಡಳಿತಕ್ಕೆ ಬಂದಿತು. 1993ರ ಪಂಚಾಯತ್ ರಾಜ್ ಅಧಿನಿಯಮದಿಂದ ಮಂಡಲಗಳು ಹೋಗಿ ಗ್ರಾಮ, ತಾಲ್ಲೂಕು, ಜಿಲ್ಲಾ ಪಂಚಾಯಿತಿಗಳೆಂಬ ಮೂರು ಮೆಟ್ಟಿಲುಗಳಾದುವು. ಶಿಕ್ಷಣದ ಲೆಕ್ಕಶೀರ್ಷಿಕೆಗಳು ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಪುಸ್ತಕಕ್ಕೆ ಬಂದುದು ನಿಜ. ಆ ಪುಸ್ತಕವನ್ನು ತೆರೆದು ನೋಡಿದರೆ ಮೊತ್ತದ ಬಹುಪಾಲು ಸಂಬಳ. ಸಂಬಳ ಎಷ್ಟೆಂಬುದು ಬೆಂಗಳೂರಿನಲ್ಲಿ ನಿರ್ಣಯವಾದದ್ದು. ಉಪಾಧ್ಯಾಯರ ನೇಮಕವೂ ವರ್ಗಾವಣೆಯೂ ಇಲಾಖೆಯದು. ಪಂಚಾಯಿತಿಯ ಕೈಯಿಂದ ಹಣ ಹಾದುಹೋಗುತ್ತಿತ್ತು, ಕೈಯಲ್ಲಿ ನಿಲ್ಲುತ್ತಿರಲಿಲ್ಲ.

1994ರಲ್ಲಿ ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮ ಆರಂಭವಾದಾಗ ರಾಜ್ಯದಿಂದ ಮೊದಲ ಹಂತಕ್ಕೆ ಆಯ್ಕೆಯಾದ ಜಿಲ್ಲೆಗಳು ನಾಲ್ಕೇ: ಬೆಳಗಾವಿ, ಕೋಲಾರ, ರಾಯಚೂರು ಮತ್ತು ಮಂಡ್ಯ. ಆಯ್ಕೆಗೆ ಇದ್ದ ಮುಖ್ಯ ಅಳತೆಗೋಲು ಸ್ತ್ರೀಯರ ಸಾಕ್ಷರತೆ. ರಾಷ್ಟ್ರದ ಸರಾಸರಿಗಿಂತ ಅದು ಕೆಳಗಿರುವ ಜಿಲ್ಲೆಗಳಿಗೆ ಪ್ರಾಶಸ್ತ್ಯ. ಕನ್ನಂಬಾಡಿಯ ನೀರುಂಡ, ಸಕ್ಕರೆಯ ಸೀಮೆಯೆಂದು ಹೆಸರಾದ, ರಾಜಧಾನಿಗೆ ಇಷ್ಟು ಸಮೀಪದಲ್ಲಿರುವ ಮಂಡ್ಯ ರಾಯಚೂರಿನೊಡನೆ ಒಂದೇ ಪಂಕ್ತಿಯಲ್ಲಿ ಕುಳಿತದ್ದು ಜಿಲ್ಲೆಯ ಅಭಿಮಾನಿಗಳಿಗೆ ಹಿತವಾದ ಸಂಗತಿಯಲ್ಲ. ಆದ್ದರಿಂದಲೇ ಸ್ಮರಣ ಸಂಚಿಕೆಯಲ್ಲಿ ಬರೆದಿಡತಕ್ಕದ್ದು. ಅರುವತ್ತು ವರ್ಷಗಳ ನೀರಾವರಿ ಗದ್ದೆಗೆ ಕೊಟ್ಟದ್ದನ್ನು ಮನೆಯ ಹೆಣ್ಣುಮಗುವಿಗೆ ಕೊಟ್ಟಿರಲಿಲ್ಲ. ಈ ಕಾರ್ಯಕ್ರಮದ ಹಣದಲ್ಲಿ ನೂರಕ್ಕೆ ಎಂಬತ್ತೈದು ಪಾಲು ಕೇಂದ್ರದ್ದು, ಹದಿನೈದು ರಾಜ್ಯದ್ದು. ಕೇಂದ್ರದ ಪಾಲಿನ ಹಿಂದೆ ವಿಶ್ವಬ್ಯಾಂಕ್ ಮೊದಲಾದವುಗಳ ಸಾಲವೂ ನೆರವೂ ಇತ್ತು. ಅದರಿಂದ ಕೋಣೆಗಳು ಎದ್ದುವು, ಸಮೂಹ ಸಂಪನ್ಮೂಲ ಕೇಂದ್ರಗಳಾದುವು, ಶಾಲೆಗೆ ವರ್ಷಕ್ಕೆ 2,000 ರೂಪಾಯಿ, ಉಪಾಧ್ಯಾಯರಿಗೆ ಬೋಧನ ಸಾಮಗ್ರಿಗೆಂದು 500 ರೂಪಾಯಿ ಬರತೊಡಗಿತು. ಮೊತ್ತ ಅಲ್ಪ. ಆದರೂ ಸೀಮೆಸುಣ್ಣದ ಪೆಟ್ಟಿಗೆಗೂ ಮೇಲಧಿಕಾರಿಯ ಮಂಜೂರಾತಿಗೆ ಕಾಯುತ್ತಿದ್ದ ಮುಖ್ಯೋಪಾಧ್ಯಾಯರು ತಮ್ಮ ವಿವೇಚನೆಯಂತೆ ಖರ್ಚು ಮಾಡಬಹುದಾದ ಹಣವನ್ನು ಕಂಡದ್ದು ಆಗ. ಜಿಲ್ಲೆಯ ಸಾಕ್ಷರತೆ 2001ರ ಜನಗಣತಿಯಲ್ಲಿ ಶೇಕಡ 61.05 ಇದ್ದುದು 2011ರಲ್ಲಿ 70.40ಕ್ಕೆ ಏರಿತು. ಆ ವರ್ಷದಲ್ಲಿಯೂ ಪುರುಷರಲ್ಲಿ 78.27, ಸ್ತ್ರೀಯರಲ್ಲಿ 62.54 ಎಂಬ ವ್ಯತ್ಯಾಸ ಉಳಿದೇ ಇತ್ತು.

ಇನ್ನು ಎಸ್‌ಡಿಎಂಸಿ. ರಾಜಾರಾಮಣ್ಣನವರ ಅಧ್ಯಕ್ಷತೆಯ ಶಿಕ್ಷಣ ಕಾರ್ಯಪಡೆಯ ಸಲಹೆಯನ್ನು ಅನುಸರಿಸಿ 2001ರ ಏಪ್ರಿಲಿನಲ್ಲಿ ಸರ್ಕಾರ ಹೊರಡಿಸಿದ ಆದೇಶದಿಂದ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು ಹುಟ್ಟಿದುವು. ಹಿಂದಿನ ಗ್ರಾಮ ಶಿಕ್ಷಣ ಸಮಿತಿಗಳಲ್ಲಿ ಊರಿನ ಪ್ರಮುಖರಿಗೆ ಸ್ಥಾನವಿದ್ದರೆ, ಇಲ್ಲಿ ಮಗುವನ್ನು ಆ ಶಾಲೆಗೇ ಕಳುಹಿಸುವ ತಂದೆತಾಯಂದಿರಿಗೆ ಸ್ಥಾನ. ತನ್ನ ಮಗನನ್ನು ಪೇಟೆಯ ಕಾನ್ವೆಂಟಿಗೆ ಕಳುಹಿಸಿ ಊರಿನ ಶಾಲೆಯ ಆಡಳಿತಕ್ಕೆ ಕುಳಿತುಕೊಳ್ಳುವ ಯಜಮಾನಿಕೆಗೆ ಬಿದ್ದ ಪೆಟ್ಟು ಇದು. ಈ ಒಂದು ಬದಲಾವಣೆ ಮಾಡಿದವರ ಜಾಣ್ಮೆಯನ್ನು ಎಷ್ಟು ಶ್ಲಾಘಿಸಿದರೂ ಸಾಲದು. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕಿನ ಕಾಯಿದೆ ಇಂಥ ಸಮಿತಿಗಳಿಗೆ ಶಾಸನದ ಬಲ ಕೊಟ್ಟಿತು: ಸದಸ್ಯರಲ್ಲಿ ಮುಕ್ಕಾಲು ಭಾಗ ಪೋಷಕರು, ಒಟ್ಟಿನಲ್ಲಿ ಅರ್ಧಭಾಗ ಸ್ತ್ರೀಯರು, ಶಾಲಾಭಿವೃದ್ಧಿ ಯೋಜನೆಯನ್ನು ಸಿದ್ಧಪಡಿಸುವ ಅಧಿಕಾರ.

ಅಧಿಕಾರವೇನೋ ಸರಿ. ಹಣದ ವಿಷಯ ನೋಡೋಣ. ಈಗಿನ ಸಮಗ್ರ ಶಿಕ್ಷಣದ ಕಟ್ಟಳೆಯಂತೆ ಮಕ್ಕಳ ಸಂಖ್ಯೆ 30ರವರೆಗೆ ಇರುವ ಶಾಲೆಗೆ ವಾರ್ಷಿಕ ಅನುದಾನ 10,000 ರೂಪಾಯಿ, 100ರವರೆಗೆ 25,000, 250ರವರೆಗೆ 50,000. ಇದರಲ್ಲಿ ಹತ್ತನೆಯ ಒಂದು ಪಾಲಾದರೂ ಸ್ವಚ್ಛತೆಗೆ ಮೀಸಲು. ಅಂದರೆ ಮೂವತ್ತು ಮಕ್ಕಳ ಶಾಲೆ ತಿಂಗಳಿಗೆ ಸುಮಾರು 830 ರೂಪಾಯಿಗಳಲ್ಲಿ ಪೊರಕೆ, ಬೀಗ, ನಲ್ಲಿಯ ರಿಪೇರಿ, ಕಾಗದ ಎಲ್ಲವನ್ನೂ ನೋಡಿಕೊಳ್ಳಬೇಕು. ಮೂವತ್ತೊಂದನೆಯ ಮಗು ಬಂದು ಸೇರಿದೊಡನೆ ಅದೇ ಶಾಲೆಗೆ 15,000 ರೂಪಾಯಿ ಹೆಚ್ಚು ದೊರೆಯುತ್ತದೆ. ಒಂದು ಕುಟುಂಬ ಊರು ಬಿಟ್ಟು ಹೋದರೆ ಅಷ್ಟೇ ಹಣ ಮಾಯವಾಗುತ್ತದೆ. ಮಾಡು ಸೋರುವುದಕ್ಕೂ ಮಕ್ಕಳ ಸಂಖ್ಯೆಗೂ ಸಂಬಂಧವಿಲ್ಲವೆಂಬುದು ಈ ಕೋಷ್ಟಕ ರಚಿಸಿದವರಿಗೆ ಹೊಳೆದಂತಿಲ್ಲ. ಮಂಡ್ಯ ಜಿಲ್ಲೆಯಲ್ಲಿ ಏಳು ತಾಲ್ಲೂಕುಗಳಿದ್ದರೂ ಶೈಕ್ಷಣಿಕ ವಲಯಗಳು ಎಂಟು; ಮಂಡ್ಯ ತಾಲ್ಲೂಕೊಂದೇ ಉತ್ತರ, ದಕ್ಷಿಣವೆಂದು ಎರಡು ವಲಯಗಳಾಗಿ ಇಬ್ಬರು ಕ್ಷೇತ್ರ ಶಿಕ್ಷಣಾಧಿಕಾರಿಗಳ (ಬಿಇಓ) ಅಧೀನದಲ್ಲಿದೆ. ಪಾಶ್ಚಾತ್ಯರ ಶಾಲಾ ಜಿಲ್ಲೆಗೆ ವಿಸ್ತಾರದಲ್ಲಿ ಹತ್ತಿರವಾಗಿ ಕಾಣುವುದು ಈ ವಲಯವೇ. ಆದರೆ ವಲಯಕ್ಕೆ ತನ್ನದೆಂಬ ತೆರಿಗೆಯಿಲ್ಲ, ಚುನಾಯಿತ ಮಂಡಲಿಯಿಲ್ಲ. ಬಿಇಓ ಅವರು ಮೇಲಿನಿಂದ ಬಂದುದನ್ನು ಹಂಚಬಲ್ಲರು, ಕೆಳಗಿನಿಂದ ಬಂದುದನ್ನು ಮೇಲಕ್ಕೆ ಕಳುಹಿಸಬಲ್ಲರು.

ಬಿಸಿಯೂಟದ ಬಗೆಗೆ ಒಂದು ಮಾತು. 2002ರಲ್ಲಿ ಈಶಾನ್ಯ ಭಾಗದ ಏಳು ಜಿಲ್ಲೆಗಳಲ್ಲಿ ಆರಂಭವಾದ ಅಕ್ಷರ ದಾಸೋಹ ಮರುವರ್ಷ ಉಳಿದ ಜಿಲ್ಲೆಗಳಿಗೂ ಬಂದಿತು. 2013ರ ಆಗಸ್ಟಿನಿಂದ ಕ್ಷೀರಭಾಗ್ಯದ ಹಾಲು ಜೊತೆಗೂಡಿತು. ಊರಿನ ಜನ ಶಾಲೆಯ ಲೆಕ್ಕವನ್ನು ಕೇಳಿ ತಿಳಿಯುವ ಒಂದೇ ವಿಷಯವೆಂದರೆ ಇದು. ಅಕ್ಕಿ ಎಷ್ಟು ಮೂಟೆ ಬಂತು, ಬೇಳೆ ಹೇಗಿತ್ತು ಎಂದು ವಿಚಾರಿಸುವ ತಾಯಿ, ತನ್ನ ಮಗ ಭಾಗಾಕಾರವನ್ನು ಕಲಿತನೇ ಎಂದು ವಿಚಾರಿಸುವುದು ಅಪೂರ್ವ. ಅಡಿಗೆಯ ಗುಣವನ್ನು ಆಕೆ ಬಲ್ಲಳು, ಪಾಠದ ಗುಣವನ್ನು ಪರೀಕ್ಷಿಸುವ ಉಪಾಯವನ್ನು ಆಕೆಗೆ ಯಾರೂ ಹೇಳಿಕೊಟ್ಟಿಲ್ಲ.

ಅಂತೂ ಮಕ್ಕಳು ಕಲಿತದ್ದೇನು ಎಂಬ ಮೂರನೆಯ ಪ್ರಶ್ನೆಗೆ ಬಂದೆವು. ಹಿಂದೆ ಲೋಯರ್ ಸೆಕೆಂಡರಿ ಪಾಸಾದವನಿಗೆ ಊರಿನಲ್ಲಿ ಒಂದು ಮರ್ಯಾದೆಯಿತ್ತು. ಇಂದು ಜಿಲ್ಲೆಯ ಮರ್ಯಾದೆಯನ್ನೇ ಎಸ್‌ಎಸ್‌ಎಲ್‌ಸಿಯ ಶೇಕಡಾವಾರಿನಿಂದ ಅಳೆಯುವ ರೂಢಿ ಬಂದಿದೆ. 2023ರಲ್ಲಿ ಮಂಡ್ಯ ಜಿಲ್ಲೆ ಶೇಕಡ 96.74 ಫಲಿತಾಂಶ ಪಡೆದು, 96.80 ಪಡೆದ ಚಿತ್ರದುರ್ಗದ ನಂತರ ರಾಜ್ಯಕ್ಕೆ ಎರಡನೆಯದಾಯಿತು. ಸಂತೋಷಪಡತಕ್ಕ ವಿಷಯವೇ. ಮರುವರ್ಷ ಪರೀಕ್ಷಾ ಕೊಠಡಿಗಳಿಗೆ ಕ್ಯಾಮರಾ ಇಟ್ಟು ವೆಬ್‌ಕಾಸ್ಟಿಂಗ್ ಮಾಡಿದರು. ರಾಜ್ಯದ ಫಲಿತಾಂಶ 83.89ರಿಂದ 73.40ಕ್ಕೆ ಇಳಿಯಿತು, ಅದೂ ಕೃಪಾಂಕವನ್ನು ಶೇಕಡ ಹತ್ತರಿಂದ ಇಪ್ಪತ್ತಕ್ಕೆ ಏರಿಸಿದ ಮೇಲೆ. ಮೊದಲ ಮೂರು ಸ್ಥಾನಗಳು ಉಡುಪಿ, ದಕ್ಷಿಣ ಕನ್ನಡ, ಶಿವಮೊಗ್ಗಗಳಿಗೆ ಹೋದುವು. ಚಿತ್ರದುರ್ಗವೂ ಮಂಡ್ಯವೂ ಆ ಪಟ್ಟಿಯಲ್ಲಿಲ್ಲ. ಇದರಿಂದ ಯಾವ ಉಪಾಧ್ಯಾಯರನ್ನೂ ದೂಷಿಸುವುದು ನನ್ನ ಉದ್ದೇಶವಲ್ಲ. ಡಿಸೆಂಬರ್ ಕಳೆಯುತ್ತಲೇ ವಿಶೇಷ ತರಗತಿ, ಸರಣಿ ಪರೀಕ್ಷೆ, ಹಿಂದುಳಿದವರಿಗೆ 'ಪಾಸಿಂಗ್ ಪ್ಯಾಕೇಜ್' ಎಂದು ಅವರು ಪಡುವ ಪಾಡು ದೇವರಿಗೇ ಪ್ರೀತಿ. ಹತ್ತನೆಯ ತರಗತಿಯ ಕಡೆಯ ನಾಲ್ಕು ತಿಂಗಳಲ್ಲಿ ತೀರಿಸಬೇಕಾಗಿ ಬರುವ ಸಾಲ ಮೂರನೆಯ ತರಗತಿಯಲ್ಲಿ ಆದದ್ದು. ಗ್ರಾಮೀಣ ಮಕ್ಕಳ ಕಲಿಕೆಯನ್ನು ಅಳೆಯುವ ಅಸರ್ ಸಮೀಕ್ಷೆಯಲ್ಲಿ 2018ರಲ್ಲಿಯೂ 2022ರಲ್ಲಿಯೂ ಗ್ರಾಮೀಣ ಕರ್ನಾಟಕದ ಐದನೆಯ ತರಗತಿಯ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಎರಡನೆಯ ತರಗತಿಯ ಪಾಠವನ್ನು ಸರಾಗವಾಗಿ ಓದಲಾರದವರಾಗಿದ್ದರು. ಜಿಲ್ಲೆಯ ರ‍್ಯಾಂಕಿನ ಸುದ್ದಿಗೆ ಪತ್ರಿಕೆಗಳ ಮುಖಪುಟವಿದೆ. ಈ ಸಂಗತಿಗೆ ಊರಿನ ಪೋಷಕರ ಸಭೆಯಲ್ಲಿಯೂ ಹತ್ತು ನಿಮಿಷವಿಲ್ಲ.

ಮಾಧ್ಯಮದ ವಿಷಯವನ್ನು ಇಲ್ಲಿ ವಿಸ್ತರಿಸುವುದಿಲ್ಲ. ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಮಾಧ್ಯಮವನ್ನು ಸರ್ಕಾರ ಹೇರುವಂತಿಲ್ಲವೆಂದು 2014ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತ ಮೇಲೆ ಭಾಷಾ ನೀತಿಯ ಕಟ್ಟು ಸಡಿಲವಾಯಿತು, 2019ರಲ್ಲಿ ಸರ್ಕಾರವೇ ಸಾವಿರ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ತರಗತಿಗಳನ್ನು ತೆರೆಯಿತು; ಆದರೂ ಬೆಳಗ್ಗೆ ಮಂಡ್ಯದ ಕಡೆಗೆ ಓಡುವ ಖಾಸಗಿ ಶಾಲೆಗಳ ಹಳದಿ ಬಸ್ಸುಗಳು ಖಾಲಿಯಾಗಿಲ್ಲ. ಪೇಟೆಗೆ ಇಷ್ಟು ಹತ್ತಿರದ ಹೊಳಲಿನಂಥ ಊರಿಗೆ ಅದು ಸೌಕರ್ಯವೂ ಹೌದು, ಊರಿನ ಶಾಲೆಗೆ ಅಪಾಯವೂ ಹೌದು.

ಕೊನೆಯದಾಗಿ ಈ ಸಂಚಿಕೆಯನ್ನು ಓದುವವರಲ್ಲಿ ಒಂದು ಬಿನ್ನಹ. ಹೊಳಲು ಮತ್ತು ಸುತ್ತಣ ಗ್ರಾಮಗಳ ಶಾಲೆಗಳ ಹಳೆಯ ದಾಖಲಾತಿ ರಿಜಿಸ್ಟರುಗಳು, ಇನ್‌ಸ್ಪೆಕ್ಟರರ ತನಿಖಾ ಪುಸ್ತಕಗಳು, ಶಾಲೆಗೆ ನಿವೇಶನ ಕೊಟ್ಟವರ ದಾನಪತ್ರಗಳು, ಸಮಿತಿಗಳ ನಡಾವಳಿ ಪುಸ್ತಕಗಳು ಯಾರ ಮನೆಯ ಅಟ್ಟದ ಮೇಲೆ ಅಥವಾ ಯಾವ ಶಾಲೆಯ ಬೀರುವಿನಲ್ಲಿ ಇದ್ದರೂ, ಗೆದ್ದಲು ಹಿಡಿಯುವುದಕ್ಕೆ ಮುಂಚೆ ಅವುಗಳ ಪ್ರತಿ ತೆಗೆಸಿ ಗ್ರಾಮ ಪಂಚಾಯಿತಿಯ ಗ್ರಂಥಾಲಯದಲ್ಲಿ ಒಂದನ್ನು ಇರಿಸಿ. ಎಸ್‌ಡಿಎಂಸಿಯ ಸದಸ್ಯರು ವರ್ಷಕ್ಕೊಮ್ಮೆ, ಮಾರ್ಚಿ ತಿಂಗಳ ಲೆಕ್ಕ ಮುಗಿದ ಮೇಲೆ, ಶಾಲೆಗೆ ಬಂದ ಹಣ, ಆದ ಖರ್ಚು, ಪ್ರತಿ ತರಗತಿಯಲ್ಲಿ ಸರಾಗವಾಗಿ ಓದಬಲ್ಲ ಮಕ್ಕಳ ಸಂಖ್ಯೆ, ಈ ಮೂರನ್ನು ಒಂದೇ ಹಾಳೆಯ ಮೇಲೆ ಬರೆದು ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಿಸಲಿ. ಅದಕ್ಕೆ ಸರ್ಕಾರದ ಮಂಜೂರಾತಿ ಬೇಕಾಗಿಲ್ಲ.